ಯಜಮಾನರು ಬಿಗಿ ಮಾಡಿದ ನಟ್ಟು

ಮೆಕ್ಯಾನಿಕ್ ಆಗಿ ಇದನ್ನು ಹೇಳೋಕೆ ನನಗೇ ನಾಚಿಕೆ, ಆದರೂ ನಡೆದದ್ದು ನಡೆದ ಹಾಗೇ ಹೇಳ್ತೀನಿ.

2001ರ ಬೇಸಿಗೆ. ಮಟಮಟ ಮಧ್ಯಾಹ್ನ ಹುಣಸೂರಿನ ನನ್ನ ಶೆಡ್ಡಿಗೆ ಚಿಕ್ಕಬೀರಮ್ಮನವರ ಟ್ರ್ಯಾಕ್ಟರು ಬಂದಿತ್ತು. ಚಕ್ರದ ಒಂದು ನಟ್ಟು ತುಕ್ಕು ಹಿಡಿದು ಕೂತಿತ್ತು. ಡೀಸೆಲ್ ಸುರಿದೆ, ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿದೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜೋತುಬಿದ್ದೆ. ಜಪ್ಪಯ್ಯ ಅಂದರೂ ಕದಲಲಿಲ್ಲ.

"ತೀರ್ಕೊಂಡ ನಮ್ಮೆಜಮಾನ್ರು ಬಿಗಿ ಮಾಡಿದ್ದು ಕಣಪ್ಪಾ. ಅವ್ರನ್ನ ಒಂದ್ಮಾತು ಕೇಳ್ಬುಟ್ಟು ಬಿಚ್ಚು," ಅಂದರು ಚಿಕ್ಕಬೀರಮ್ಮ.

ಪಕ್ಕದ ಶೆಡ್ಡಿನವರು ನಗುತ್ತಾ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ, ಚಕ್ರದ ಹತ್ತಿರ ಬಾಯಿಟ್ಟು, "ಬುಡಿ ಅಣ್ಣಾ," ಅಂದೆ.

ಸ್ಪ್ಯಾನರ್ ತಾಗಿಸುತ್ತಲೇ ನಟ್ಟು ಸಡಿಲವಾಯಿತು. ಮೈಮರೆತು ಬರಿಗೈಯಲ್ಲೇ ಹಿಡಿದೆ. ಬಾವಿನೀರಿನಂತೆ ತಣ್ಣಗಿತ್ತು.

ಸಂಜೆ ಚಕ್ರ ಕೂರಿಸಿದಾಗ ಆ ನಟ್ಟನ್ನು ಬೆರಳಲ್ಲೇ ಒಂದೆರಡು ಸುತ್ತು ತಿರುಗಿಸಿ, ಸ್ಪ್ಯಾನರ್ ತರಲು ಒಳಗೆ ಹೋದೆ. ಬಂದು ನೋಡಿದರೆ ನಟ್ಟು ಆಗಲೇ ಬಿಗಿಯಾಗಿತ್ತು.