ಹಳೆ ಸ್ಟೇಷನ್ನಿನ ಗೇಟಿನಾಚೆ

ಬಿಳಿ ಹೂ ಹಿಡಿದ ಜನ ಥೆಸಲೋನಿಕಿಯ ಹಳೆ ರೈಲು ನಿಲ್ದಾಣದೊಳಗೆ ಸಾಲಾಗಿ ನಡೆದರು. ಪೇಪೋ ಮಾತ್ರ ಗೇಟಿನ ಹೊರಗೇ ನಿಂತುಬಿಟ್ಟ.

ಒಳಗಿನಿಂದ ರೇನಾ ತಿರುಗಿ ನೋಡಿದಳು. ಮದುವೆಯ ಮಾತಿಗೆ ಇವತ್ತು ಉತ್ತರ ಹೇಳುತ್ತೇನೆ ಎಂದಿದ್ದನಲ್ಲ, ಇದೇ ಇರಬೇಕು ಉತ್ತರ. ನಮ್ಮವರೆಲ್ಲ ಸೇರುವ ಕಡೆ ತನ್ನ ಪಕ್ಕ ನಿಲ್ಲಲು ಅವನಿಗೆ ಮನಸ್ಸಿಲ್ಲ. ಅವಳು ವಿಚ್ಛೇದನ ಪಡೆದವಳು. ಅವನು ಕೊಹೆನ್, ಯಹೂದಿ ಪುರೋಹಿತರ ವಂಶದವನು. ಅಂಥವರು ಗಂಡನಿಂದ ಬೇರೆಯಾದವಳನ್ನು ಮದುವೆಯಾಗುವಂತಿಲ್ಲ.

ಹಳಿಗಳ ಮೇಲೆ ಹೂವಿಟ್ಟಳು. ಯುದ್ಧದ ಕಾಲದಲ್ಲಿ ನಾಜಿಗಳು ಇಲ್ಲಿಂದ ರೈಲಿಗೆ ಹತ್ತಿಸಿದ, ಮತ್ತೆ ಮರಳದ ಅಜ್ಜಿಯ ತಂಗಿಯರನ್ನು ನೆನೆಯಬೇಕಿತ್ತು. ಕಣ್ಣು ಮತ್ತೆ ಮತ್ತೆ ಗೇಟಿನತ್ತ ಓಡುತ್ತಿತ್ತು. ಇಂಥ ಜಾಗದಲ್ಲೂ ಇದೇ ಚಿಂತೆಯೇ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಅವನೂ ಇತ್ತಲೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ತನ್ನ ಬೂಟುಗಳನ್ನು ನೋಡತೊಡಗಿದ.

ತಡೆಯಲಾಗಲಿಲ್ಲ. ಬಿರಬಿರನೆ ಹೊರಬಂದಳು.

“ನನ್ ಜೊತೆ ನಿಲ್ಲೋಕೆ ನಾಚಿಕೆ ಆಗತ್ತಾ?”

“ಅಯ್ಯೋ, ಏನ್ ಮಾತು ರೇನಾ! ನಾವು ಕೊಹೆನ್‌ಗಳು ಸ್ಮಶಾನದೊಳಗೆ ಕಾಲಿಡಲ್ಲ ಅಲ್ವಾ? ಅಪ್ಪನೂ ವರ್ಷಾವರ್ಷ ಇಲ್ಲೇ ನಿಲ್ತಾರೆ.”

“ಸ್ಮಶಾನಾನಾ? ಇಲ್ಲಿ ಯಾರನ್ನ ಹೂಳಿದಾರೋ? ನಿನ್ ತಾತ ಇಲ್ಲಿ ರೈಲು ಹತ್ತಿದ್ದು. ಉಸಿರಾಡ್ತಾ, ಯಾರಿಗೋ ಬೈತಾ.”

ನಗಲು ಹೊರಟ ಪೇಪೋ ಹಳಿಗಳತ್ತ ನೋಡಿದ. “ಹೌದಲ್ವಾ... ನಾವ್ಯಾರೂ ರಬ್ಬಿನ ಕೇಳ್ಲೇ ಇಲ್ಲ. ಅಪ್ಪನಿಗೆ ಆ ಹಳಿ ನೋಡೋಕೇ ಆಗಲ್ವೇನೋ.”

“ಸರಿ. ನನ್ ವಿಷಯ?”

“ಅದಕ್ಕೆ ಇಂಥ ಸುಲಭದ ದಾರಿ ಇಲ್ಲ ಕಣೇ. ರಬ್ಬಿ ಮದುವೆ ಮಾಡಿಸಲ್ಲ. ನಿನ್ನ ಮದುವೆಯಾದ್ರೆ, ಹಬ್ಬದ ದಿನ ಅಪ್ಪನ ಪಕ್ಕ ನಿಂತು ಜನಕ್ಕೆ ಆಶೀರ್ವಾದ ಮಾಡೋದೂ ನಂಗೆ ತಪ್ಪತ್ತೆ. ಬೆಳಿಗ್ಗೆ ಅಪ್ಪನಿಗೆ ಹೇಳ್ದೆ, ಇನ್ಮೇಲೆ ನೀವೊಬ್ರೇ ನಿಲ್ಬೇಕು ಅಂತ.”

ಅವಳ ದನಿ ಇಳಿಯಿತು. “ಏನಂದ್ರು?”

“ಕೋಟು ಹಾಕ್ಕೊಂಡು ಹೊರಟುಹೋದ್ರು. ಇವತ್ತು ಇಲ್ಲಿಗೂ ಬಂದಿಲ್ಲ.” ಅವನು ಅವಳತ್ತ ತಿರುಗಿದ. “ಪುರಸಭೆಯಲ್ಲಿ ರಿಜಿಸ್ಟರ್ ಮದುವೆ ಆಗೋಣ್ವಾ?”

“ಗೇಟಲ್ಲಿ ನಿಲ್ಸಿ ಕೇಳ್ತೀಯಲ್ಲೋ, ಮಹಾರಾಯ!”

“ಒಳಗೆ ಕೇಳೋ ಮಾತಲ್ಲ ಅದು.”

ಅವಳು ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡಳು. “ಆಗೋಣ. ಮೊದ್ಲು ಒಳಗೆ ಬಾ.”

ಪೇಪೋ ಒಂದು ಕಾಲು ಒಳಗಿಟ್ಟು ಹಿಂದೆಗೆದ. “ಹೆದರಿಕೆ ಆಗ್ತಿದೆ.”

“ನಂಗೂ.”

ಅವನ ತೋಳನ್ನು ಗಟ್ಟಿಯಾಗಿ ಹಿಡಿದು, ಜನರೆಲ್ಲ ನೋಡುತ್ತಿದ್ದಂತೆಯೇ, ರೇನಾ ಹಳಿಗಳತ್ತ ನಡೆದಳು.