ಹಲಗೆಯಾಚೆಯ ದನಿ

"ಅಲೋ... ಅಲೋ! ಲೇ ಶಂಕರ, ಕೇಳುಸ್ತಾ ಅದೇನ್ಲಾ?"

ತಾಳವಾಡಿ ಬಸ್ ಸ್ಟ್ಯಾಂಡಿನ ಎದುರಿದ್ದ ಬ್ರೌಸಿಂಗ್ ಸೆಂಟರ್‌ನಲ್ಲಿ ಆ ಕೂಗಿಗೆ ಎಲ್ಲರೂ ತಿರುಗಿ ನೋಡಿದರು. ಕೌಂಟರ್‌ನಲ್ಲಿದ್ದ ಪ್ರಮೀಳಾ ದಡದಡನೆ ಎದ್ದು ಕ್ಯಾಬಿನ್ ಬಾಗಿಲಿಗೆ ಬಂದಳು.

"ರೀ, ಇದೇನು ದನದ ಸಂತೆಯಾ? ಇಂಗ್ಯಾಕೆ ಅರಚ್ತಿದ್ದೀರಿ?"

ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗ ಬೆಚ್ಚಿಬಿದ್ದ. ಹಾಸನೂರಿನ ಜಡೇಸ್ವಾಮಿ. ಪಕ್ಕದ ಮೊಬೈಲ್ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ.

"ಫ್ರೆಂಡ್ಸೆಲ್ಲಾ ಸೇರಿ ನೆಟ್‌ನಲ್ಲಿ ಆಟ ಆಡ್ತೀವಿ. ಟೈಪ್ ಮಾಡೋ ಒತ್ಗೆ ಸೋತೋಗಿರ್ತೀವಿ. ಅದ್ಕೇ ಮಾತಾಡ್ಕಂಡು ಆಡುವಾ ಅಂತ... ಅವರ್ದು ನಂಗೆ ಕೇಳುಸ್ತದೆ, ನಂದು ಅವರ್ಗೆ ಕೇಳುಸ್ತಿಲ್ಲ!"

ಪ್ರಮೀಳಾ ಬಗ್ಗಿ ಕಂಪ್ಯೂಟರ್ ಹಿಂದೆ ನೋಡಿದಳು. ಮೈಕಿನ ಪಿನ್ನು ನೀಲಿ ತೂತಿನಲ್ಲಿತ್ತು. ಕಿತ್ತು ಗುಲಾಬಿ ಬಣ್ಣದ್ದಕ್ಕೆ ಚುಚ್ಚಿದಳು. ಸೆಟ್ಟಿಂಗ್ಸ್ ತೆರೆದು ಮ್ಯೂಟ್ ಬಿಡಿಸಿದಳು.

"ಈಗ ಮೆಲ್ಲಗೆ ಮಾತಾಡಿ."

"ಶಂಕರಾ...?"

ಸತ್ಯಮಂಗಲದಿಂದ ಶಂಕರ ಓಗೊಟ್ಟಿರಬೇಕು. ಜಡೇಸ್ವಾಮಿಯ ಮುಖ ಅರಳಿದ ಪರಿ ನೋಡಿ, ಬಯ್ಯಲು ಬಂದವಳು ನಕ್ಕುಬಿಟ್ಟಳು!

ಅದು ೨೦೦೮. ಮಗಳು ಅಂಗಡಿಯಲ್ಲಿ ಕೂರುವುದೇ ಎಂದು ಮುನಿಸಿಕೊಂಡಿದ್ದ ಅಪ್ಪ ಚನ್ನಯ್ಯನನ್ನು ಹೇಗೋ ಒಪ್ಪಿಸಿ, ಪ್ರಮೀಳಾ ತಿಗನಾರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು.

ಆಟಕ್ಕೆ ನಾಲ್ಕು ಜನ ಬೇಕಿತ್ತು. ಇದ್ದವರು ಜಡೇಸ್ವಾಮಿ, ಶಂಕರ, ಚಾಮರಾಜನಗರದ ರಾಮು. "ನೀವೂ ಬನ್ನಿ" ಎಂದ ಜಡೇಸ್ವಾಮಿ. ಸಂಜೆ ಗಿರಾಕಿ ಕಡಿಮೆಯಾದಾಗ ಅವಳೂ ಕೌಂಟರಿನಲ್ಲೇ ಕೂತು ಹೆಡ್‌ಫೋನ್ ಹಾಕತೊಡಗಿದಳು. ಇಬ್ಬರ ನಡುವೆ ಒಂದೇ ಪ್ಲೈವುಡ್ ಹಲಗೆ. ಅವನ ದನಿ ಹಲಗೆಯಾಚೆಯಿಂದ ಒಮ್ಮೆ, ಕಿವಿಯೊಳಗೆ ಇನ್ನೊಮ್ಮೆ...

"ಪ್ರಮೀಳಾ, ಎಡಕ್ಕೆ ಬಂದ್ರು ನೋಡು! ನಾನಿವ್ನಿ, ನೀನು ಮುಂದಕ್ಕೋಗು!"

ಬರೀ ಆಟದ ಮಾತು. ಆದರೂ ಬಸ್ಸಿನ ಕಿಟಕಿಗೆ ತಲೆಯಾನಿಸಿದರೆ ಅದೇ ದನಿ! 'ನಂಗೇನಾಗದೆ?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ಸಂಜೆ ಯಾರಿಗೋ ಪ್ರಿಂಟ್ ಕೊಟ್ಟು ಬಂದು ಹೆಡ್‌ಫೋನ್ ಹಾಕಿಕೊಂಡಳು. ಅವಳು ಬಂದದ್ದು ಉಳಿದವರಿಗೆ ತಿಳಿಯಲಿಲ್ಲ. ರಾಮು ಕೇಳುತ್ತಿದ್ದ: "ಆ ಉಡುಗಿ ನಿಂಗೇನಾಗ್ಬೇಕ್ಲಾ?"

"ಏನೂ ಇಲ್ಲ ಕಣ್ಲಾ" ಎಂದ ಜಡೇಸ್ವಾಮಿ. "ಮೈಕ್ ಸರಿ ಮಾಡ್ಕೊಡೋ ಸೆಂಟರ್ ಉಡುಗಿ, ಅಷ್ಟೆಯಾ."

ಪ್ರಮೀಳಾ ಸದ್ದಿಲ್ಲದೆ ಹೆಡ್‌ಫೋನ್ ತೆಗೆದಿಟ್ಟಳು. ಮಾರನೆಯ ದಿನ ಅವನು ಕರೆದಾಗ ತಲೆಯೆತ್ತದೆ, "ಕೆಲ್ಸ ಅದೆ, ನೀವು ಆಡ್ಕಳಿ" ಎಂದಳು.

'ನೀವು' ಅಂತೆ! ಅವನಿಗೆ ದಿಕ್ಕೇ ತೋಚಲಿಲ್ಲ. ದಿನಗಳುರುಳಿದವು. ಅವಳ ಹೆಡ್‌ಫೋನ್ ಕೌಂಟರಿನ ಮೇಲೇ ಬಿದ್ದಿರುತ್ತಿತ್ತು...

ಕೊನೆಗೆ, ದಾರಿಯಲ್ಲಿ ಆನೆ ನಿಂತು ಬಸ್ಸು ತಡವಾದ ಒಂದು ಸಂಜೆ, ಅವನು ಬಸ್ ಸ್ಟ್ಯಾಂಡಿಗೇ ಬಂದ.

"ನಾನೇನು ತಪ್ಪು ಮಾಡ್ದೆ ಅಂತಾದ್ರೂ ಏಳು."

"ಮೈಕ್ ಸರಿ ಮಾಡೋ ಉಡುಗಿ ಜೊತೆ ನಿಮ್ಗೇನು ಮಾತು?"

ಅವನ ಮುಖ ಕಳೆಗುಂದಿತು. "ಕೇಳುಸ್ಕಂಡ್ಯಾ...! ರಾಮು ದೊಡ್ಡವ್ವನ ಮನೆ ನಿಮ್ಮ ಬೀದೀಲೇ ಅದೆ. ಒಂದು ಮಾತು ಅಲ್ಲಿಗೋದ್ರೆ ನಿಮ್ಮಪ್ಪ ಕೆಲ್ಸ ಬುಡುಸ್ಬುಡ್ತಾರೆ ಅಂತ ಎದರ್ಕಂಡೆ."

"ಅದ್ಕೆ ನನ್ನ ಏನೂ ಅಲ್ಲ ಅಂದ್ಬುಟ್ಯಾ? ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು. ತಪ್ಪಾಯ್ತು." ಅವನು ಉಸಿರೆಳೆದುಕೊಂಡ. "ಈಗ ಕೇಳ್ತಿವ್ನಿ. ನಿನ್ನ ದನಿ ಇಲ್ದೆ ಯಾವ ಆಟಾನೂ ಬ್ಯಾಡ ನಂಗೆ. ನೀನು ಬೇಕು, ಪ್ರಮೀಳಾ. ಅವ್ವನ್ನ ಕರ್ಕಂಡು ನಿಮ್ಮನೆಗೆ ಬರ್ಲಾ?"

ಬಸ್ಸು ಬಂದು ನಿಂತಿತು. ಮೆಟ್ಟಿಲೇರಿದವಳು ತಿರುಗಿದಳು. ಕಣ್ಣು ತುಂಬಿತ್ತು.

"ನೀನು ಅಂಗಂದ ದಿನ ಬೆಳಿಗ್ಗೇನೇ ನಮ್ಮವ್ವಂಗೆ ನಿನ್ನ ಇಚಾರ ಏಳ್ಬುಟ್ಟಿದ್ದೆ. ಅದ್ಕೇ ಅಷ್ಟು ನೋವಾದದ್ದು."

"ಅವ್ವ... ಏನಂದ್ರು?"

"ಉಡುಗ ಬಾಯ್ಬುಟ್ಟು ಕೇಳ್ಲಿ, ಆಮೇಲೆ ನೋಡುವಾ ಅಂದ್ಲು."

"ಕೇಳ್ದೆನಲ್ಲ!"

"ಊಂ... ಭಾನುವಾರ ಬಾ. ಅಪ್ಪ ಮನೇಲಿರ್ತಾರೆ."

"ಎದರ್ಕೆ ಆಯ್ತದೆ ಕಣೆ."

"ನಂಗೂವೆ..." ಕಣ್ಣೊರೆಸಿಕೊಂಡು ನಕ್ಕಳು. "ಆದ್ರೂ ಬಾ."