ಅಕ್ಕನ ಕೋಣೆಯ ಕಂಬ

ಮರಗೆಲಸದ ಬಗ್ಗೆ ಯಾವ ಪುಸ್ತಕ ಓದಬೇಕೆಂದು ಕೇಳಿದವರಿಗೆಲ್ಲ ನಾನು ಹೆಸರು ಬರೆದುಕೊಡುತ್ತಿದ್ದೆ. ಅವುಗಳಲ್ಲಿ ಒಂದನ್ನು ಮಾತ್ರ ಇನ್ನು ಯಾರಿಗೂ ಹೇಳುವುದಿಲ್ಲ. ಕಂಬವನ್ನು ಮರ ಬೆಳೆದಂತೆಯೇ, ಬುಡ ಕೆಳಗಾಗಿ ನಿಲ್ಲಿಸಬೇಕೆಂದು ಅದರಲ್ಲಿ ಓದಿದ ದಿನವೇ, ಅಕ್ಕನ ಕೋಣೆಯ ಹೊಸ ಕಂಬದ ಬುಡ ಮೇಲಿರುವುದನ್ನು ಕಂಡೆ.

ಬಡಗಿ ನಕ್ಕ. "ಪುಸ್ತಕ ಓದಿ ಈಜೋಕೆ ಹೊರಟಿದೀರಾ ಸ್ವಾಮಿ? ಮೇಲ್ಯಾವುದು ಕೆಳಗ್ಯಾವುದು ಅಂತ ಮರಕ್ಕೇನು ಗೊತ್ತು?"

ಅಕ್ಕ ತುಂಬು ಬಸುರಿ. "ಹೊಟ್ಟೇಲಿರೋದೂ ತಲೆ ಮೇಲೆ ಮಾಡ್ಕೊಂಡೇ ಕೂತಿದೆ ಕಣೋ. ತಿರುಗದಿದ್ರೆ ಕಷ್ಟ ಅಂದ್ರು ಡಾಕ್ಟ್ರು," ಎಂದಳು.

ಆಮೇಲೆ ನನಗೆ ಆ ಕಂಬವನ್ನು ಮುಟ್ಟಲು ಮನಸ್ಸಾಗಲಿಲ್ಲ. ಬಿರುಬಿಸಿಲಲ್ಲೂ ಅದು ತಣ್ಣಗಿರುತ್ತಿತ್ತು. ಒರೆಸಿದಷ್ಟೂ ಮೇಲ್ತುದಿಯಲ್ಲಿ ನೀರು ಜಿನುಗುತ್ತಿತ್ತು.

ಕಂಬ ತಿರುಗಿಸಿ ನಿಲ್ಲಿಸಲು ಭಾವ ನನ್ನನ್ನು ಬೈಯುತ್ತಲೇ ಒಪ್ಪಿದರು. ತೊಲೆಗೆ ಆಸರೆ ಕೊಟ್ಟು ಕಂಬ ಬಿಚ್ಚುವಾಗ, ಒಳಗೆ ಯಾರೋ ಮಗ್ಗುಲು ಬದಲಿಸಿದಂತೆ ಸದ್ದಾಯಿತು. ಬಡಗಿ ಆಮೇಲೆ ನಗಲಿಲ್ಲ. ಬುಡ ಕೆಳಗೆ ಮಾಡಿ ನಿಲ್ಲಿಸಿ, ಬೆಣೆ ಬಡಿದೆವು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಮಗು ತಿರುಗಿದೆ ಎಂದರು. ಭಾವ ಸಿಹಿ ಹಂಚಿದರು.

ಇಂದು ಬೆಳಿಗ್ಗೆ ನೋಡಿದರೆ ಕಂಬದ ಬುಡ ಮತ್ತೆ ಮೇಲಿದೆ. ಬೆಣೆಗಳು ಬಡಿದಲ್ಲೇ ಇವೆ. ಅಕ್ಕನಿಗೆ ನೋವು ಶುರುವಾಗಿದೆ.